ಮೋರಿಕಟ್ಟೆಯ ಮೇಲೆ ಕೂತವರು

ನನ್ನ ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮರೆತೇನು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಮರೆವು ಎಲ್ಲರಿಗೂ ಇರುತ್ತದೆ. ಮನೆಯವರು ನಕ್ಕು ಸುಮ್ಮನಾಗುತ್ತಾರೆ. ನನ್ನದು ಬೇರೆ ಬಗೆ. ನಡೆದದ್ದು ನನಗೆ ಬಣ್ಣ, ವಾಸನೆ ಸಮೇತ ನೆನಪಿರುತ್ತದೆ. ಅದು ನಡೆದೇ ಇತ್ತೇ ಎಂಬುದಷ್ಟೇ ಅನುಮಾನ. ವಿಶ್ವವಿದ್ಯಾನಿಲಯದಲ್ಲಿ ತರ್ಕ ಮತ್ತು ತತ್ತ್ವಶಾಸ್ತ್ರ ಓದಿ, ಅದನ್ನೇ ಕಾಲೇಜಿನಲ್ಲಿ ಹೇಳಿಕೊಡುತ್ತ ತಲೆ ಬೆಳ್ಳಗೆ ಮಾಡಿಕೊಂಡವನಿಗೆ ಇದಕ್ಕಿಂತ ಒಳ್ಳೆಯ ಸ್ಥಿತಿ ಒದಗುವುದು ಕಷ್ಟ. ನಮ್ಮ ನೈಯಾಯಿಕರೂ ಸ್ಮೃತಿಯನ್ನು ಪ್ರಮಾಣಗಳ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಲಿಲ್ಲ. ಕಣ್ಣಿಗೆ ಕಂಡದ್ದು ಒಳಗೆ ಬರಲಿ, ಊಹಿಸಿದ್ದು ಬರಲಿ, ಆಪ್ತರು ಹೇಳಿದ್ದೂ ಬರಲಿ, ನೆನಪು ಮಾತ್ರ ಜಗಲಿಯ ಮೇಲೆ ಕಾಯಲಿ ಎಂದರು. ಹೀಗೆ ಶಾಸ್ತ್ರದ ಬೆಂಬಲವಿದ್ದರೂ ಒಂದು ವರ್ಷ ಈ ಅನುಮಾನ ನನ್ನನ್ನು ಸರಿಯಾಗಿ ಸಿಕ್ಕಿಹಾಕಿಸಿತು.

ಆಗ ಜಯನಗರ ಇನ್ನೂ ಹೊಸ ಬಡಾವಣೆ. ರಸ್ತೆ ಬದಿಯ ಗಿಡಗಳು ಬಿದಿರಿನ ಪಂಜರದೊಳಗೆ ನಿಂತು, ನೆರಳು ಕೊಡುವುದಿರಲಿ, ತಾವೇ ಯಾರದಾದರೂ ನೆರಳಿಗೆ ಕಾಯುತ್ತಿದ್ದವು. ನಮ್ಮ ರಸ್ತೆಯಲ್ಲಿ ಮನೆ ಕಟ್ಟಿಕೊಂಡವರಲ್ಲಿ ಮುಕ್ಕಾಲು ಪಾಲು ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಮಿಕ್ಕವರು ಇನ್ನೇನು ಆಗಲಿರುವವರು. ತಲೆ ನರೆತು, ಮೊಮ್ಮಗನ ಮುಖ ಕಂಡ ಮೇಲೆ ಮನುಷ್ಯ ಕಾಡಿಗೆ ಹೊರಡಬೇಕೆಂದು ಹಿಂದಿನ ಶಾಸ್ತ್ರಕಾರರು ವಿಧಿಸಿದ್ದರಲ್ಲ, ಮೈಸೂರು ಸರ್ಕಾರದ ನೌಕರರು ಅದನ್ನು ತಕ್ಕಮಟ್ಟಿಗೆ ಪಾಲಿಸಿದರು. ಕಾಡು ಸಿಗಲಿಲ್ಲ, ಸೈಟು ತೆಗೆದುಕೊಂಡರು. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಲು ಶಾಸ್ತ್ರದಲ್ಲೇ ಅನುಮತಿ ಇದ್ದದ್ದರಿಂದ ಅಡುಗೆಮನೆಯನ್ನೂ ಕಟ್ಟಿಸಿದರು.

ನಮ್ಮ ಅಡ್ಡರಸ್ತೆ ದೊಡ್ಡ ರಸ್ತೆಗೆ ಸೇರುವಲ್ಲಿ ಒಂದು ಮೋರಿ ಇತ್ತು. ಮಳೆನೀರಿಗೆಂದು ತೋಡಿದ್ದು, ವರ್ಷದ ಬಹುಭಾಗ ಒಣಗಿಯೇ ಇರುತ್ತಿತ್ತು. ಅದರ ಮೇಲಿನ ಚಿಕ್ಕ ಸೇತುವೆಯ ಎರಡು ಪಕ್ಕದಲ್ಲೂ ಕೂರಲು ಹದವಾದ ಎತ್ತರಕ್ಕೆ ಕಲ್ಲಿನ ಕಟ್ಟೆ. ಸಂಜೆಯಾದರೆ ಬಡಾವಣೆಯ ಹಿರಿಯರು ಅಲ್ಲಿ ಸೇರುತ್ತಿದ್ದರು. ಈ ಕಟ್ಟೆಗೆ ಒಂದು ಕಟ್ಟುಪಾಡಿತ್ತು. ನಿವೃತ್ತರು ಕೂರುತ್ತಾರೆ, ಕೆಲಸದಲ್ಲಿರುವವರು ನಿಂತೇ ಮಾತಾಡುತ್ತಾರೆ. ಮಾತು ಎಷ್ಟೇ ಉದ್ದವಾಗಲಿ, ಕಾಲು ಎಷ್ಟೇ ನೋಯಲಿ, ಆಫೀಸಿಗೆ ಹೋಗುವವನು ಕಟ್ಟೆಗೆ ಸೊಂಟ ತಗುಲಿಸುವಂತಿಲ್ಲ. ಇದನ್ನು ಯಾರೂ ಗೊತ್ತುಮಾಡಿದ್ದಲ್ಲ, ಯಾರೂ ಮುರಿದದ್ದೂ ಇಲ್ಲ. ಒಬ್ಬ ಹೆಡ್‌ಕ್ಲಾರ್ಕು ವರ್ಷಗಟ್ಟಲೆ ನಿಂತು ಮಾತಾಡಿ, ನಿವೃತ್ತನಾದ ಸಂಜೆ ಕೊರಳಲ್ಲಿ ಹಾರದ ಘಮ ಇರುವಾಗಲೇ ಬಂದು ಕೂತನೆಂದೂ, ಕೂತವನು ಕಣ್ಣೊರಸಿಕೊಂಡನೆಂದೂ ಹೇಳುತ್ತಾರೆ. ನಾನು ನೋಡಿದ್ದೇನೆಂದು ನೆನಪು. ಇರಲಿ.

ಕಟ್ಟೆಯ ಹಿರಿಯರಲ್ಲಿ ಇಬ್ಬರು ಮುಖ್ಯರು. ಒಬ್ಬರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದ ಶೇಷಗಿರಿರಾಯರು. ಆರೋಗ್ಯವೇ ಅವರ ಧರ್ಮ. ಬೆಳಗ್ಗೆ ರಾಗಿ ಗಂಜಿ, ಕಾಫಿ ನಿಷಿದ್ಧ, ಊಟವಾದ ಮೇಲೆ ಎಡಮಗ್ಗುಲು. ಇನ್ನೊಬ್ಬರು ತಾಲ್ಲೂಕಿನ ಕಂದಾಯ, ತಗಾದೆ ನೋಡುವ ಅಮಲ್ದಾರರಾಗಿದ್ದ ರುದ್ರಪ್ಪನವರು. ಹಣೆಯಲ್ಲಿ ಢಾಳಾದ ವಿಭೂತಿ, ತಲೆಗೆ ಪೇಟ, ಯಾವ ಮಾತಿಗೂ ಸಾಕ್ಷಿ ಕೇಳುವ ಅಭ್ಯಾಸ.

ನನಗೆ ಐವತ್ತೈದು ತುಂಬುತ್ತಿತ್ತು. ನಮ್ಮದು ಖಾಸಗಿ ಕಾಲೇಜು. ನಿಯಮದಂತೆ ಮನೆಗೆ ಹೋಗಬೇಕಾದರೂ, ಕೈಕಾಲು ಗಟ್ಟಿಯಿದ್ದವರನ್ನು ಆಡಳಿತ ಮಂಡಳಿ ಇನ್ನಷ್ಟು ಕಾಲ ಉಳಿಸಿಕೊಳ್ಳುವ ಪದ್ಧತಿ ಇತ್ತು. ಪ್ರಿನ್ಸಿಪಾಲರು ಒಂದು ದಿನ ನನ್ನನ್ನು ಕರೆದು, "ನೀವು ಹೂಂ ಅಂದ್ರೆ ಮಂಡಳಿಗೆ ಹೇಳ್ತೀನಿ. ಸಂಕ್ರಾಂತಿ ಕಳೀಲಿ, ಯೋಚನೆ ಮಾಡಿ ಹೇಳಿ ಸಾರ್" ಎಂದರು. ಯೋಚನೆ ಮಾಡಿ ಎಂದು ತತ್ತ್ವಶಾಸ್ತ್ರದವನಿಗೆ ಹೇಳಬಾರದು. ನಾನು ದೀಪಾವಳಿಯಿಂದ ಯೋಚಿಸತೊಡಗಿದೆ.

ಉಳಿಯಲು ಕಾರಣವಿತ್ತು: ಬಿಟ್ಟರೆ ಏನು ಮಾಡುವುದೆಂದು ತಿಳಿಯದು. ಸಂಗೀತ ಗೊತ್ತಿಲ್ಲ, ತೋಟದಲ್ಲಿ ನಾನು ಮುಟ್ಟಿದ ಬದನೆಗಿಡ ಮರುದಿನವೇ ತಲೆ ಬಾಗಿಸುತ್ತಿತ್ತು, ದೇವರ ವಿಷಯದಲ್ಲಿ ಇನ್ನೂ ಒಂದು ತೀರ್ಮಾನಕ್ಕೆ ಬಂದಿರಲಿಲ್ಲ. ಬಿಡಲೂ ಕಾರಣವಿತ್ತು, ಅದು ನನ್ನ ನೆನಪು. ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸುವುದನ್ನು ವಿವರಿಸುವಾಗ ನಾನು ಪ್ರತಿ ವರ್ಷ ಒಂದು ತಮಾಷೆ ಹೇಳುತ್ತಿದ್ದೆ. ನನ್ನ ಸೋದರಮಾವ ಬಚ್ಚಲೊಲೆಯ ಹೊಗೆ ಕಂಡು ಮನೆಗೇ ಬೆಂಕಿ ಬಿತ್ತೆಂದು ಬಾವಿಯ ಹಗ್ಗ ಹಿಡಿದು ಓಡಿದ ಕಥೆ. ಆ ವರ್ಷ ನಾನು "ನನ್ನ ಸೋದರಮಾವ" ಎನ್ನುವಷ್ಟರಲ್ಲಿ ತರಗತಿ ನಕ್ಕಿತು. ಹಗ್ಗವೂ ಬಂದಿರಲಿಲ್ಲ, ಬಾವಿಯೂ ಬಂದಿರಲಿಲ್ಲ. ಇದೇ ತರಗತಿಗೆ ಈ ಕಥೆಯನ್ನು ಹಿಂದೆಯೇ ಹೇಳಿದ್ದೆನೋ, ಅಥವಾ ಇವರ ಅಣ್ಣಂದಿರು ಮನೆಯಲ್ಲಿ ಹೇಳಿದ್ದರೋ? ಮೊದಲನೆಯದಾದರೆ ನಾನು ಮನೆಗೆ ಹೋಗಬೇಕು. ಎರಡನೆಯದಾದರೆ ನಾನೊಂದು ಸಂಪ್ರದಾಯವಾಗಿದ್ದೇನೆ, ಉಳಿಯಬಹುದು. ಕೇಳಿ ತಿಳಿಯೋಣವೆಂದರೆ, ಕೇಳಿದ್ದನ್ನು ಆ ಹುಡುಗರು ಇನ್ನೊಂದು ತಮಾಷೆ ಮಾಡಿಕೊಂಡಾರೆಂಬ ಭಯ.

ಇಂಥ ದಿನಗಳಲ್ಲಿ ಒಂದು ಸಂಜೆ ಬಸ್ಸಿಳಿದು ಮನೆಗೆ ಬರುತ್ತಿದ್ದೆ. ನಮ್ಮ ರಸ್ತೆಗೆ ಆಗಷ್ಟೇ ಜಲ್ಲಿಕಲ್ಲು ಸುರಿದಿದ್ದರು. ಒಂದು ಚೂರು ನನ್ನ ಪಂಪ್ ಶೂ ಒಳಗೆ ಹೊಕ್ಕು ಹಿಮ್ಮಡಿಗೆ ಚುಚ್ಚತೊಡಗಿತು. ಒಂದೇ ಕಾಲಿನ ಮೇಲೆ ನಿಂತು ಶೂ ತೆಗೆಯುವ ವಯಸ್ಸು ಕಳೆದಿತ್ತು. ಮೋರಿಯ ಹತ್ತಿರ ಬಂದವನು ಕಟ್ಟೆಯ ಮೇಲೆ ಕೂತೆ.

ಶೇಷಗಿರಿರಾಯರೂ ರುದ್ರಪ್ಪನವರೂ ಆಡುತ್ತಿದ್ದ ಮಾತನ್ನು ನಿಲ್ಲಿಸಿದರು. ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಒಂದಿಷ್ಟು ಸರಿದು ಜಾಗ ಮಾಡಿದರು.

"ಬನ್ನಿ ಮೇಷ್ಟ್ರೆ, ಬನ್ನಿ" ಎಂದರು ರಾಯರು, ಸಾವಿನ ಮನೆಯಲ್ಲಿ ಮಾತಾಡುವಷ್ಟು ಮೆತ್ತಗೆ. "ಆರಾಮಾಗಿ ಕೂತ್ಕೊಳ್ಳಿ. ಇನ್ನೇನು ಅವಸರ."

ನನಗೆ ಅವಸರವೇನೂ ಇರಲಿಲ್ಲ. ಕಲ್ಲು ತೆಗೆದು ಬಿಸಾಕಿದೆ. ತಂಗಾಳಿ ಬೀಸುತ್ತಿತ್ತು. ಕೂತೆ. ನಿದ್ರೆಯ ಬಗ್ಗೆ, ಅಜೀರ್ಣದ ಬಗ್ಗೆ, ಮೂಲಂಗಿ ಒಳ್ಳೆಯದೋ ಕೆಟ್ಟದೋ ಎಂಬುದರ ಬಗ್ಗೆ ಮಾತಾಯಿತು. ಎದ್ದು ಹೊರಟಾಗ ರುದ್ರಪ್ಪನವರು ನನ್ನ ಕೈ ಹಿಡಿದು ಅದುಮಿದರು. ಎಂಥ ಸ್ನೇಹವಂತರು ಎಂದುಕೊಂಡು ಮನೆಗೆ ಬಂದೆ.

ಮರುದಿನ ಕಾಲೇಜಿನಿಂದ ಬರುವಷ್ಟರಲ್ಲಿ ಇಡೀ ಬಡಾವಣೆಗೆ ನಾನು ನಿವೃತ್ತನಾಗಿದ್ದೆ. ಧೂಮವಿದ್ದಲ್ಲಿ ಅಗ್ನಿ, ಕಟ್ಟೆಯಿದ್ದಲ್ಲಿ ನಿವೃತ್ತಿ. ನಾನು ಹೇಳಿಕೊಡುವ ಅನುಮಾನದ ಪಾಠವನ್ನೇ ನನ್ನ ಮೇಲೆ ಪ್ರಯೋಗಿಸಿದ್ದರು. ಪಕ್ಕದ ಮನೆಯವರು ತಟ್ಟೆಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ ಇಟ್ಟುಕೊಂಡು ಬಂದರು. ಬಡಾವಣೆಯ ಸಂಘದವರು, "ಇನ್ಮೇಲೆ ನಿಮಗೆ ಟೈಮ್ ಇರುತ್ತಲ್ಲ ಸಾರ್" ಎಂದು ನನ್ನನ್ನು ಕಾರ್ಯದರ್ಶಿ ಮಾಡಲು ಬಂದರು. ಹಿಂದಿನ ರಸ್ತೆಯ ಒಬ್ಬಾಕೆ ಎಸ್ಸೆಸ್ಸೆಲ್ಸಿ ಮಗಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡಬೇಕೆಂದಳು. ಗುಡಿ ಕಟ್ಟುವ ಸಮಿತಿ, ಲೈಬ್ರರಿ ತೆರೆಯುವ ಸಮಿತಿ, ಕತ್ತೆಗಳು ಪಂಜರ ಮುರಿದು ಗಿಡ ತಿನ್ನುವುದನ್ನು ತಡೆಯುವ ಸಮಿತಿ ಎಲ್ಲಕ್ಕೂ ನಾನು ಬೇಕಾದೆ. ಕೆಲಸವಿಲ್ಲದವನೆಂದು ಗೊತ್ತಾದರೆ ಮನುಷ್ಯನಿಗೆ ಎಷ್ಟು ಕೆಲಸ ಹುಟ್ಟುತ್ತದೆಂದು ನನಗೆ ಆಗಲೇ ತಿಳಿದದ್ದು. ಕಾಲೇಜಿನಲ್ಲಿ ಇಷ್ಟು ದುಡಿದಿದ್ದರೆ ನಾನು ಪ್ರಿನ್ಸಿಪಾಲನಾಗಿರುತ್ತಿದ್ದೆ.

"ನಾನಿನ್ನೂ ರಿಟೈರ್ ಆಗಿಲ್ಲ" ಎಂದು ಹೇಳಿ ನೋಡಿದೆ. ಸಂಘದವರು ನಕ್ಕು, "ನಿನ್ನೆ ನೀವೇ ಕಟ್ಟೆ ಮೇಲೆ ಹೇಳಿದ್ರಂತಲ್ಲ ಸಾರ್" ಎಂದರು. ಹೇಳಿದ್ದೆನೇ? ಮೂಲಂಗಿಯ ವಿಷಯ ನೆನಪಿತ್ತು. ಅದರ ನಡುವೆ ಎಲ್ಲೋ, ಸಾಕಪ್ಪ, ಬಿಟ್ಟುಬಿಡುತ್ತೇನೆ ಎಂದಿದ್ದರೂ ಇರಬಹುದು. ಹಾಗೆ ಅನ್ನುವ ಮನಸ್ಸು ಇತ್ತಂತೂ ಹೌದು. ಇಷ್ಟು ಜನ ಸಾಕ್ಷಿ ಹೇಳುತ್ತಿರುವಾಗ ಜಗಲಿಯ ಮೇಲೆ ಕೂತ ನನ್ನ ನೆನಪೊಂದನ್ನೇ ನಂಬುವುದು ತರ್ಕವಾಗುತ್ತದೆಯೇ? ಅಷ್ಟು ಸಾಕ್ಷಿಗಳೂ ಒಂದೇ ಕಟ್ಟೆಯಿಂದ ಇಳಿದು ಬಂದವೆಂಬುದು ನನಗೆ ತಡವಾಗಿ ಹೊಳೆಯಿತು.

ಇದೆಲ್ಲ ನಗುವ ಸಂಗತಿಯೇ. ಆದರೆ ಒಳಗೆ ಹೋದರೆ ನನ್ನ ಹೆಂಡತಿ ಜಾನಕಿ ನಗುತ್ತಿರಲಿಲ್ಲ. ಬಾಳೆಹಣ್ಣಿನ ತಟ್ಟೆಯನ್ನು ಅವಳು ನಡುಮನೆಯಲ್ಲಿ ಹಾಗೇ ಇಟ್ಟಿದ್ದಳು.

"ಪಕ್ಕದ್ಮನೆಯವರಿಂದ ನನಗೆ ಗೊತ್ತಾಗಬೇಕಿತ್ತಾ?" ಎಂದಳು.

"ಏನು?"

"ಬಿಡ್ತಿದ್ದೀರಂತಲ್ಲ. ಮೋರಿ ಹತ್ರ ಹೇಳಿದ್ರಿ, ನನಗೆ ಹೇಳ್ಲಿಲ್ಲ."

"ನಾನು ಹೇಳ್ಲಿಲ್ಲ ಜಾನಕಿ."

"ಹೇಳ್ಲೇ ಇಲ್ವಾ?"

ಆಗ ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ವಿದ್ಯೆ ಬಿಡಲಿಲ್ಲ. "ಖಚಿತವಾಗಿ ನೆನಪಿಲ್ಲ" ಎಂದೆ.

ಮದುವೆಯಾದ ಗಂಡಸರಲ್ಲಿ ಒಂದು ವಿನಂತಿ: ಸತ್ಯಕ್ಕೆ ಹತ್ತಿರವಾದ ಉತ್ತರಗಳಲ್ಲೆಲ್ಲ ಇದು ಅತ್ಯಂತ ಕೆಟ್ಟದ್ದು. ಅವಳು ಮತ್ತೇನೂ ಕೇಳಲಿಲ್ಲ. ಊಟ ಬಡಿಸಿದಳು, ನೀರು ಕೊಟ್ಟಳು, ಹಾಸಿಗೆ ಹಾಸಿದಳು. ಮಾತು ಮಾತ್ರ ಇರಲಿಲ್ಲ. ನಾನು ಉಳಿಯುತ್ತೇನೋ ಬಿಡುತ್ತೇನೋ ಎಂಬುದು ಅವಳಿಗೆ ಆಗ ಮುಖ್ಯವೇ ಆಗಿರಲಿಲ್ಲ. ಹತ್ತು ಗಂಟೆಗೆ ಊಟ, ಐದಕ್ಕೆ ಕಾಫಿ ಎಂದು ಅವಳ ಬದುಕನ್ನೂ ನನ್ನ ಕಾಲೇಜೇ ಇಷ್ಟು ಕಾಲ ಆಳಿತ್ತು. ಆ ರಾಜ್ಯ ಮುಗಿಯುವ ಸುದ್ದಿ ತನಗೆ ಕೊನೆಯಲ್ಲಿ ತಲುಪಿತೆಂಬ ನೋವು ಅದು. ಅದನ್ನು ನಾನು ಅರ್ಥ ಮಾಡಿಕೊಂಡೆ. ಸರಿಪಡಿಸುವುದು ಹೇಗೆಂದು ಗೊತ್ತಾಗಲಿಲ್ಲ.

ಸುದ್ದಿ ಬಸ್ಸು ಹತ್ತಿ ಕಾಲೇಜಿಗೂ ಹೋಯಿತು. ಪ್ರಿನ್ಸಿಪಾಲರು ಕರೆಸಿದರು. "ಡಿಸೈಡ್ ಮಾಡಿಬಿಟ್ರಂತೆ. ನಮಗೆ ಒಂದು ಮಾತು ಹೇಳಬಾರದಿತ್ತಾ?" ಅವರಿಗೂ ಅದೇ ಬೇಸರ. ಇನ್ನೂ ನಿರ್ಧರಿಸಿಲ್ಲ, ಸಂಕ್ರಾಂತಿಯವರೆಗೆ ಸಮಯವಿದೆಯಲ್ಲ ಎಂದೆ. ಅವರು ಅನುಕಂಪದಿಂದ ನನ್ನನ್ನು ನೋಡಿದರು. "ತಗೊಳ್ಳಿ, ತಗೊಳ್ಳಿ. ನಾಲ್ಕು ದಿನ ರಜಾನೂ ಹಾಕಿ. ರೆಸ್ಟ್ ಬೇಕು ನಿಮಗೆ." ನಾನು ಬಿಡುವುದು ಮಂಡಳಿಗೂ ಅಷ್ಟೇನೂ ಅನನುಕೂಲವಲ್ಲ ಎಂಬುದು ಅವರ ದನಿಯಲ್ಲಿತ್ತು. ಇತ್ತೆಂದು ನನಗನ್ನಿಸಿತು.

ರಜೆ ಹಾಕಿದೆ. ನಿವೃತ್ತಿಯನ್ನು ಬಳಸಿ ನೋಡೋಣ, ಹೊಂದಿದರೆ ಇಟ್ಟುಕೊಳ್ಳೋಣ, ಹೊಂದದಿದ್ದರೆ ಬಿಡೋಣ ಎಂದು ನನ್ನ ಯೋಜನೆ. ಅಂಗಡಿಯವರು ಚಪ್ಪಲಿಯನ್ನು ಹೀಗೆ ಹಾಕಿ ನೋಡಲು ಬಿಡುತ್ತಾರೆ.

ಕಟ್ಟೆಯವರ ದಿನ ಬೆಳಗಿನ ವಾಕಿಂಗಿನಿಂದ ಆರಂಭವಾಗುತ್ತಿತ್ತು. ಮಂಜು ಬಿಡುವ ಮೊದಲೇ ರಾಯರು ಬಾಗಿಲಿಗೆ ಬಂದು ಕೋಲಿನಿಂದ ಗೇಟು ತಟ್ಟಿದರು. ಮೈಮೇಲೆ ಸ್ವೆಟರು, ಅದರ ಮೇಲೆ ಕೋಟು, ಅದರ ಮೇಲೆ ಮಫ್ಲರು, ಇಷ್ಟರಿಂದಲೂ ಚಳಿ ತಪ್ಪಿಸಿಕೊಂಡು ಬಂದೀತೆಂದು ಕಿವಿಯಲ್ಲಿ ಹತ್ತಿ. ರುದ್ರಪ್ಪನವರು ಆ ಹೊತ್ತಿಗೂ ಪೇಟ ಸುತ್ತಿದ್ದರು. ಮೂವರೂ ಪುಟ್ಟೇನಹಳ್ಳಿ ಕೆರೆಯ ಕಡೆಗೆ ಹೊರಟೆವು. ಬಡಾವಣೆಯ ಕೊನೆಯ ಮನೆ ದಾಟಿದರೆ ಹೊಲಗಳು. ರಾಗಿ ಕೊಯ್ದಾಗಿತ್ತು, ಸಾಲಿನ ಅವರೆಗಿಡಗಳಲ್ಲಿ ಕಾಯಿ ಇನ್ನೂ ತುಂಬಿಕೊಂಡಿತ್ತು; ಅದರ ಸೊನೆಯ ವಾಸನೆ ಮಂಜಿನ ಜೊತೆ ಬೆರೆತಿತ್ತು.

ಆ ದಿನಗಳಲ್ಲಿ ನಾನು ಕಂಡುಕೊಂಡದ್ದು, ನಿವೃತ್ತರಲ್ಲಿ ಒಬ್ಬರೂ ನಿವೃತ್ತರಾಗಿರಲಿಲ್ಲ. ರಾಯರು ನಡೆಯುತ್ತಿರಲಿಲ್ಲ, ರಸ್ತೆಯನ್ನು ತಪಾಸಣೆ ಮಾಡುತ್ತಿದ್ದರು. ಕೋಲನ್ನು ಹಳ್ಳಕ್ಕೆ ಇಳಿಸಿ ಆಳ ನೋಡುವರು. ಮೋರಿಯ ಇಳಿಜಾರು ಸರಿಯಿಲ್ಲವೆಂದು ಮೋರಿಗೇ ಬೈಯುವರು. ರುದ್ರಪ್ಪನವರದು ಇನ್ನೂ ಮೇಲು. ಕೆರೆಯ ತೂಬಿನ ಹತ್ತಿರ ಇಬ್ಬರು ಅಣ್ಣತಮ್ಮಂದಿರು ನೀರಿಗಾಗಿ ಕೈಕೈ ಮಿಲಾಯಿಸುವ ಹಂತದಲ್ಲಿದ್ದರು. ರುದ್ರಪ್ಪನವರು ಪೇಟ ಸರಿಮಾಡಿಕೊಂಡು, "ಏಯ್, ಇಬ್ರೂ ಬನ್ನಿ ಇಲ್ಲಿ" ಎಂದರು. ಬಂದರು. ಇಬ್ಬರ ಹೇಳಿಕೆ ಕೇಳಿ, ಬೆಳಗ್ಗೆ ಅಣ್ಣನಿಗೆ, ಮಧ್ಯಾಹ್ನದ ಮೇಲೆ ತಮ್ಮನಿಗೆ ಎಂದು ತೀರ್ಪು ಕೊಟ್ಟರು. ಇಬ್ಬರೂ ಕೈಮುಗಿದರು. ಹೊರಡುವಾಗ ತಮ್ಮ ಸಂಕೋಚದಿಂದ ಕೇಳಿದ:

"ತಮ್ದು ಯಾವ ಆಫೀಸು ಸ್ವಾಮಿ?"

"ಇದೇ" ಎಂದರು ರುದ್ರಪ್ಪನವರು, ನಿಂತ ಕೆರೆಯ ಏರಿಯನ್ನು ತೋರಿಸಿ.

ಜರಗನಹಳ್ಳಿಯ ಜಮೀನ್ದಾರ ಮುನಿಶಾಮಪ್ಪ ಅಲ್ಲೇ ನಿಂತು ಇದನ್ನೆಲ್ಲ ನೋಡುತ್ತಿದ್ದ. ಅವನ ಹೊಲದಲ್ಲಿ ಒಂದು ಪಾಲು ಬಡಾವಣೆಗೆ ಹೋಗಿತ್ತು. ಉಳಿದದ್ದನ್ನು ಗಂಡುಮಕ್ಕಳು ನೋಡಿಕೊಳ್ಳುತ್ತಿದ್ದರು. ಅವನು ದಿನವೂ ಬಂದು ಮಕ್ಕಳ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದ.

"ನಿಮ್ಮನ್ನ ಸರ್ಕಾರ ಮನೇಗ್ ಕಳಿಸ್ತು" ಎಂದ ನಮ್ಮ ಕಡೆ ತಿರುಗಿ. "ನಮ್ದು ಹಂಗಲ್ಲ ಸ್ವಾಮಿ, ಹೊಲಾನೇ ತಕ್ಕೊಂಡೋಯ್ತು. ಈಗ ನೀವೆಲ್ಲ ನನ್ನ ಹುರುಳಿ ಹೊಲದಾಗೆ ಮನೆ ಕಟ್ಕೊಂಡಿದ್ದೀರಿ."

"ಪರಿಹಾರ ಬಂತಲ್ಲಯ್ಯ" ಎಂದರು ರುದ್ರಪ್ಪನವರು.

"ಬಂತು. ಹುರುಳಿ ಬರ್ಲಿಲ್ಲ" ಎಂದು ನಕ್ಕ.

ವಾಕಿಂಗಿನ ಕೊನೆಯ ದಿನ ಏರಿಯ ಮೇಲೆ ಬರುವಾಗ ನಾನು ರುದ್ರಪ್ಪನವರನ್ನು ನೇರವಾಗಿ ಕೇಳಿದೆ. "ಆವತ್ತು ಕಟ್ಟೆ ಮೇಲೆ ನಾನು ರಿಟೈರ್ ಆಗ್ತೀನಿ ಅಂತ ಹೇಳಿದ್ನಾ?"

"ಎಲ್ಲಿ ಹೇಳಿದ್ರಿ? ಕೂತ್ರಿ" ಎಂದರು. "ಬಾಯಲ್ಲಿ ಹೇಳೋದು ಯಾವ ಸಾಕ್ಷಿ ಮೇಷ್ಟ್ರೆ. ನಡತೆ ನೋಡ್ಬೇಕು."

"ಶೂ ಒಳಗೆ ಕಲ್ಲಿತ್ತು."

"ಕಲ್ಲು ತೆಗೆದ ಮೇಲೂ ಕೂತಿದ್ರಿ."

ಅಂತೂ ನಾನು ಬಾಯಿಬಿಟ್ಟು ಹೇಳಿರಲಿಲ್ಲವೆಂದು ಖಚಿತವಾಯಿತು. ಹೆಗಲ ಮೇಲಿನ ಹೊರೆ ಇಳಿದಂತಾಯಿತು, ಆದರೂ ವಾದದಲ್ಲಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನೆನಪು ಎಂಬುದೇ ನಂಬಲರ್ಹವಲ್ಲ, ಕಂಡದ್ದನ್ನೂ ನಂಬುವಂತಿಲ್ಲ, ನಿನ್ನೆ ನೋಡಿದ ಕೆರೆಯೇ ಇದು ಎನ್ನಲು ನಮ್ಮ ಬಳಿ ಏನಿದೆ ಎಂದು ತರಗತಿಯ ಧಾಟಿಯಲ್ಲಿ ಹೇಳತೊಡಗಿದೆ. ರಾಯರು, ಇದೇ ಕೆರೆ, ಏರಿಯ ಬಿರುಕು ಹಾಗೇ ಇದೆ ಎಂದರು. ರುದ್ರಪ್ಪನವರು ಸ್ವಲ್ಪ ದೂರ ನಡೆದು ನಿಂತರು.

"ಒಂದು ಸಂದೇಹ ಮೇಷ್ಟ್ರೆ. ಯಾವುದನ್ನೂ ಖಂಡಿತ ಅನ್ನೋ ಹಾಗಿಲ್ಲ ಅಂತೀರಿ."

"ಹೌದು."

"ಅದೊಂದನ್ನ ಮಾತ್ರ ಇಷ್ಟು ಖಂಡಿತವಾಗಿ ಹೇಗೆ ಹೇಳ್ತೀರಿ?"

ನಾನು ನಿಂತುಬಿಟ್ಟೆ. ಈ ಆಕ್ಷೇಪ ಹೊಸದೇನಲ್ಲ. ಸಂದೇಹವಾದದಷ್ಟೇ ಹಳೆಯದು, ನಾನೇ ಪ್ರತಿ ವರ್ಷ ಅದನ್ನು ಹಲಗೆಯ ಮೇಲೆ ಬರೆದು ಹುಡುಗರಿಂದ ಉರು ಹೊಡೆಸಿದ್ದೆ. ಆದರೆ ಯಾರೋ ಯಾರಿಗೋ ಹೇಳಿದ್ದೆಂದು ಬರೆಸಿದ್ದೆ. ಮುಖಕ್ಕೆ ಮುಖ ಕೊಟ್ಟು, ನೀನು ಹೇಳಯ್ಯ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಬಿಸಿಲು ಆಗಷ್ಟೇ ನೀರಿನ ಮೇಲೆ ಬಿದ್ದಿತ್ತು. ನಾನು ಒಂದು ಉತ್ತರ ಕೊಟ್ಟೆ, ಅವರು ಅದನ್ನು ಬೀಳಿಸಿದರು. ಇನ್ನೊಂದು ಕೊಟ್ಟೆ, ಅದಕ್ಕೆ ಯಾವುದೋ ತಾಲ್ಲೂಕಿನ ಗಡಿ ತಗಾದೆಯ ದೃಷ್ಟಾಂತ ತಂದರು. ಜೋರಾಗಿ ಮಾತಾಡಿದೆವು. ಎಮ್ಮೆ ಮೈ ತೊಳೆಯುತ್ತಿದ್ದವನು ತಿರುಗಿ ನೋಡಿದ. ಬಡಾವಣೆಯ ಮೊದಲ ಮನೆ ಬರುವಾಗ ನನಗೆ ಹೊಟ್ಟೆ ಚೆನ್ನಾಗಿ ಹಸಿದಿತ್ತು. ಎಷ್ಟೋ ವರ್ಷಗಳಿಂದ ಹಾಗೆ ಹಸಿದ ನೆನಪಿಲ್ಲ.

"ಮುಖದಲ್ಲಿ ರಕ್ತ ಆಡ್ತಿದೆ ನೋಡಿ" ಎಂದರು ರಾಯರು, ತೃಪ್ತಿಯಿಂದ. "ನಾನು ಹೇಳ್ಲಿಲ್ವಾ? ರಾಗಿ ಗಂಜಿ."

ನಾನು ಗಂಜಿ ಕುಡಿದೇ ಇರಲಿಲ್ಲ. ಆದರೆ ಅವರ ಸಂತೋಷವನ್ನು ಹಾಳುಮಾಡಲು ಮನಸ್ಸಾಗಲಿಲ್ಲ. ಆರೋಗ್ಯದ ಬಗ್ಗೆ ನಾನು ಆಮೇಲೆ ಬೇಕಾದಷ್ಟು ಉಪದೇಶ ಕೇಳಿದ್ದೇನೆ. ಬೇಗ ಏಳು, ಕಡಿಮೆ ತಿನ್ನು, ದೂರ ನಡೆ, ಚಿಂತೆ ಬಿಡು. ಎಲ್ಲ ಸರಿಯೇ. ದಿನಕ್ಕೊಮ್ಮೆ ಯಾರಾದರೂ ನಿನ್ನನ್ನು ತಪ್ಪು ಎನ್ನುವಂತಿರಲಿ ಎಂಬುದನ್ನು ಮಾತ್ರ ಯಾವ ವೈದ್ಯನೂ ಹೇಳಲಿಲ್ಲ. ಕಾಲೇಜಿನಲ್ಲಿ ನನ್ನ ಮಾತಿಗೆ ಹುಡುಗರು ತಲೆದೂಗುತ್ತಿದ್ದರು. ತಲೆದೂಗುವುದನ್ನು ನಾನು ಇಷ್ಟು ಕಾಲ ಒಪ್ಪಿಗೆ ಎಂದುಕೊಂಡಿದ್ದೆ. ಮಧ್ಯಾಹ್ನದ ತರಗತಿಗಳಲ್ಲಿ ಅದಕ್ಕೆ ಬೇರೆ ಕಾರಣವೂ ಇರಬಹುದು.

ಆ ಬೆಳಗ್ಗೆ ಮುನಿಶಾಮಪ್ಪ ಮೂವರಿಗೂ ಅವರೆಕಾಯಿ ಕಟ್ಟಿಕೊಟ್ಟಿದ್ದ. ನಾನು ಅದನ್ನು ಹೊತ್ತುಕೊಂಡು ಮನೆಗೆ ಬಂದೆ. ಜಾನಕಿ ಮಾತಿಲ್ಲದೆ ತೆಗೆದುಕೊಂಡಳು, ಮಾತಿಲ್ಲದೆ ಬಿಡಿಸಿದಳು, ಹಿತಕಿದ ಬೇಳೆಗೆಂದು ಕಾಳನ್ನು ನೀರಿನಲ್ಲಿ ನೆನೆಹಾಕಿದಳು.

ಸಂಕ್ರಾಂತಿ ಕಳೆದಿತ್ತು, ರಜೆ ಮುಗಿದಿತ್ತು; ಮರುದಿನ ನಾನು ಪ್ರಿನ್ಸಿಪಾಲರಿಗೆ ಉತ್ತರ ಹೇಳಬೇಕಿತ್ತು. ಕೋಟು ತೊಟ್ಟು, ಶೂ ಹಾಕಲು ಹೋದವನು ಹಾಕದೆ ಅಡುಗೆಮನೆಯ ಬಾಗಿಲಿಗೆ ಹೋದೆ. ಅವಳು ನೆಲದ ಮೇಲೆ ಕೂತು ನೆನೆದ ಅವರೆಯನ್ನು ಹಿತುಕುತ್ತಿದ್ದಳು. ಎರಡು ಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ, ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕೆಂದು ಪಾತ್ರೆಗೆ ಹಾರುತ್ತಿತ್ತು.

"ಜಾನಕಿ, ನಾನು ಕೆಲಸ ಬಿಡ್ತೀನಿ. ಇನ್ನೂ ಯಾರಿಗೂ ಹೇಳಿಲ್ಲ. ನಿನಗೇ ಮೊದಲು ಹೇಳ್ತಿರೋದು."

ಅವಳ ಬೆರಳು ನಿಂತವು. "ಕಟ್ಟೆಯವರಿಗೆ?"

"ಹೇಳಿಲ್ಲ. ಈ ಸಲ ಚೆನ್ನಾಗಿ ನೆನಪಿದೆ."

ಅವಳು ನಗಲಿಲ್ಲ, ಆದರೆ ಕಾಲಿನಿಂದ ಒಂದು ಮಣೆಯನ್ನು ನನ್ನ ಕಡೆ ಸರಿಸಿದಳು. ಕೋಟು ಹಾಕಿಕೊಂಡೇ ಕೂತೆ.

"ಮರೆವು ಬಂತು ಅಂತ ಬಿಡ್ತೀರಾ?"

"ಅದಕ್ಕಲ್ಲ. ಕಾಲೇಜಿನಲ್ಲಿ ನನ್ನನ್ನ ಯಾರೂ ತಪ್ಪು ಅನ್ನೋದಿಲ್ಲ. ನಿನ್ನೆ ರುದ್ರಪ್ಪನವರು ಅಂದ್ರು. ಎಷ್ಟು ಚೆನ್ನಾಗಿತ್ತು ಗೊತ್ತಾ?"

"ಅಷ್ಟಕ್ಕೆ ಪುಟ್ಟೇನಹಳ್ಳಿವರೆಗೂ ಹೋಗಬೇಕಿತ್ತಾ?" ಎಂದಳು. "ನಾನು ಮನೇಲಿ ಇರ್ಲಿಲ್ವಾ?"

ಆಮೇಲೆ ವ್ಯವಹಾರಕ್ಕೆ ಬಂದಳು. "ಹನ್ನೊಂದು ಗಂಟೆಗೆ ಎಲ್ಲಿರ್ತೀರಿ?"

"ಮನೇಲಿ. ಓದ್ತಾ ಇರ್ತೀನಿ."

"ಮನೇಲಿ ಎಲ್ಲಿ? ನಡುಮನೇಲಿ ನಾನು ನೆಲ ಒರೆಸ್ತಾ ಇರ್ತೀನಿ. ಜಗಲಿಗೆ ಬಿಸಿಲು. ರೂಮಲ್ಲಿ ಒಣಗಿದ ಬಟ್ಟೆ. ಊಟ ಆದ್ಮೇಲೆ ನಡುಮನೆ ನಂದು, ಹೆಂಗಸರು ಬರ್ತಾರೆ. ನೀವಲ್ಲಿ ಕೂತ್ರೆ ಅವರು ಮಾತಾಡಲ್ಲ."

ನಾನು ಕಟ್ಟಿಸಿದ ಮನೆ. ಪ್ರತಿ ಗೋಡೆಯೂ ಗೊತ್ತು ಎಂದುಕೊಂಡಿದ್ದೆ. ಹಗಲು ಹೊತ್ತಿನಲ್ಲಿ ಅದು ಬೇರೊಬ್ಬರ ಸಂಸ್ಥಾನವೆಂದೂ, ಅಲ್ಲಿ ನನಗೊಂದು ಕುರ್ಚಿಯನ್ನೂ ಗೊತ್ತುಮಾಡಿಲ್ಲವೆಂದೂ ಆಗ ತಿಳಿಯಿತು.

"ಹಾಗಾದ್ರೆ ಎಲ್ಲಿ ಇರ್ಲಿ?"

"ಸದ್ಯಕ್ಕೆ ಇಲ್ಲೇ ಇರಿ. ಕಾಳು ಹಿತುಕಿ" ಎಂದು ಪಾತ್ರೆಯನ್ನು ನಡುವೆ ಇಟ್ಟಳು.

ಹಿತುಕಿದೆ. ಮೊದಲ ಬೇಳೆ ನನ್ನ ಕೋಟಿನ ಜೇಬಿಗೆ ಹಾರಿತು. ಎರಡನೆಯದು ಒಲೆಯ ಹಿಂದೆ ಹೋಯಿತು. ಆಮೇಲೆ ಕೈ ಕುದುರಿತು. ಇಬ್ಬರೂ ಹಿತುಕಿದೆವು, ಪಾತ್ರೆ ತುಂಬುತ್ತ ಬಂತು.

"ರೀ, ನೀವು ಲಾಜಿಕ್ ಮೇಷ್ಟ್ರಲ್ವಾ" ಎಂದಳು ಇದ್ದಕ್ಕಿದ್ದಂತೆ. "ಇದು ಸಿಪ್ಪೆ ಬಿಟ್ಟು ಬರೋದು ನಾವು ಒತ್ತೋದಕ್ಕಾ, ನೆಂದಿರೋದಕ್ಕಾ?"

ಯೋಚಿಸಿದೆ. ಒತ್ತದಿದ್ದರೆ ಬರುವುದಿಲ್ಲ, ಆದ್ದರಿಂದ ಒತ್ತುವುದೇ ಕಾರಣ. ಆದರೆ ನೆನೆಯದ ಕಾಳನ್ನು ಎಷ್ಟು ಒತ್ತಿದರೂ ಬೆರಳು ನೋಯುತ್ತದೆಯೇ ಹೊರತು ಬೇಳೆ ಬರುವುದಿಲ್ಲ. ಇಷ್ಟಾದರೂ ನೆನೆದದ್ದು ತಾನಾಗಿಯೇ ಎದ್ದು ಪಾತ್ರೆಗೆ ಹೋಗುತ್ತದೆಯೇ ಎಂದರೆ ಅದೂ ಇಲ್ಲ. "ಎರಡೂ" ಎಂದೆ.

"ಕಾಲೇಜಲ್ಲೂ ಹೀಗೇ ಹೇಳ್ಕೊಡ್ತಿದ್ರಾ?" ಎಂದಳು. ಈ ಸಲ ನಕ್ಕಳು.

ನನ್ನ ಬಸ್ಸು ತಪ್ಪಿತು. ಮುಂದಿನದರಲ್ಲಿ ಹೋಗಿ, ಉಗುರಿನ ಸಂದಿಯಲ್ಲಿ ಅವರೆಯ ಸೊನೆ ಇನ್ನೂ ಘಮಘಮಿಸುತ್ತಿರುವಾಗಲೇ ಪ್ರಿನ್ಸಿಪಾಲರ ಮುಂದೆ ಕೂತು, ಬಿಡುತ್ತೇನೆ ಎಂದೆ. ಅವರು ಒಳ್ಳೆಯವರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನಿಜ ಹೇಳಿ ಸಾರ್. ಮಂಡಳಿ ಕಡೆಯಿಂದ ಯಾರಾದ್ರೂ ಒತ್ತಡ ತಂದ್ರಾ?"

"ಸ್ವಲ್ಪ ಒತ್ತಿದ್ರು, ನಿಜ" ಎಂದೆ. "ಆದ್ರೆ ನಾನೂ ಚೆನ್ನಾಗಿ ನೆಂದಿದ್ದೆ ಸಾರ್."

ಅವರಿಗೆ ಅರ್ಥವಾಗಲಿಲ್ಲ. ತರ್ಕದ ಮೇಷ್ಟ್ರ ಮಾತೆಂದು ಗೌರವದಿಂದ ತಲೆದೂಗಿದರು.